ಕೊಡೆರಾಯನ ಹೆಂಡತಿಯ ಮಾತು

"ಕೊಡೆರಾಯನ ಹೆಂಡತಿ ಯಾಕಕ್ಕಾ ಯಾವಾಗಲೂ ಒಂದೇ ಪದದಲ್ಲಿ ಉತ್ತರ ಕೊಡ್ತಾಳೆ? ಹೆಂಗಸರ ಮೌನದ ಸಂಕೇತವಾ ಅದು?"

"ಜಾಗ ಇರ್ತಿರಲಿಲ್ಲ ಕಣಮ್ಮ," ಎಂದಳು ಅವಳು. "ಕೊಡೆರಾಯನ ಮೂಗು ಅಡ್ಡ ಬರ್ತಿತ್ತು."

ವಾರಪತ್ರಿಕೆಯ ಹುಡುಗಿಗೆ ನಗು ತಡೆಯಲಾಗಲಿಲ್ಲ. ಊರಿನ ಸಿನಿಮಾದವರು, ನಾಟಕದವರು, ಹಾಡುಗಾರರು ಎಲ್ಲರನ್ನೂ ಮಾತಾಡಿಸಿ ಈ ವಾರ ಕಾಮಿಕ್ಸಿನವರ ಮನೆಗೆ ಬಂದಿದ್ದಳು. 'ಕೊಡೆರಾಯ' ಕಾಮಿಕ್ಸಿನ ಚಿತ್ರ ಬರೆಯುತ್ತಿದ್ದವನು ಈಗಿಲ್ಲ. ಆ ಚಿತ್ರಗಳಿಗೆ ಮಾತು ಬರೆಯುತ್ತಿದ್ದ ಅವನ ಹೆಂಡತಿ ಇದ್ದಳು.

"ಅವರು ಮೊದಲು ಚಿತ್ರ ಬರೆದು, ಮಾತಿನ ಗುಳ್ಳೆ ಖಾಲಿ ಬಿಟ್ಟು ನನ್ನ ಕಡೆ ತಳ್ಳೋರು. ಗುಳ್ಳೆ ಎಷ್ಟೋ ಮಾತು ಅಷ್ಟೇ. ಕೊಡೆರಾಯನಿಗೆ ಕುಂಬಳಕಾಯಿಯಷ್ಟು, ಅವನ ಹೆಂಡತಿಗೆ ನಿಂಬೆಹಣ್ಣಿನಷ್ಟು. ನಿಂಬೆಹಣ್ಣಿನೊಳಗೆ 'ಹೂಂ' ಬಿಟ್ಟು ಇನ್ನೇನು ಹಿಡಿಯುತ್ತೆ?"

"ಜಗಳ ಆಡಲಿಲ್ವಾ?"

"ಆಡದೆ ಇರ್ತೀನಾ? ನನಗೂ ಒಂಚೂರು ಜಾಗ ಬಿಡ್ರೀ ಅಂದ್ರೆ, 'ನಿನಗೆ ಮನೆಯಿಡೀ ಬಿಟ್ಟಿದ್ದೀನಲ್ಲೇ' ಅನ್ನೋರು."

ಒಳಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದ ಅತ್ತೆ ಅಲ್ಲಿಂದಲೇ ಬಾಯಿ ಹಾಕಿದರು. "ಸುಳ್ಳೇನಲ್ಲ. ಇವಳು ಬಾಯಿ ತೆಗೆದ್ರೆ ಮನೆ ಹೆಂಚು ಹಾರಿಹೋಗ್ತಿತ್ತು. ಈಗ ನೋಡು, ನೀನು ಬಂದಿದ್ದಕ್ಕೆ ಇವಳ ದನಿ ನನ್ನ ಕಿವಿಗೆ ಬಿತ್ತು."

ಅವಳು ಎದ್ದು, ಗಂಡ ಚಿತ್ರ ಬರೆಯುತ್ತಿದ್ದ ಓರೆಮೇಜಿನಿಂದ ಒಂದು ಪುಟ ತಂದಳು. ಅಚ್ಚಾಗದೆ ಉಳಿದದ್ದು. ಕೊನೆಯ ಚೌಕದಲ್ಲಿ ಕೊಡೆರಾಯ ಕೊಡೆ ಮಡಿಸಿಕೊಂಡು ಮೂಲೆಯಲ್ಲಿ ಮುದುಡಿ ಕೂತಿದ್ದ. ಮೂಗು ಕೂಡ ಮಾಮೂಲಿಗಿಂತ ಚಿಕ್ಕದು. ತಲೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಗುಳ್ಳೆ. ಒಳಗೆ ಅವಳ ದುಂಡು ಅಕ್ಷರದಲ್ಲಿ, ಇಂಕಿನಲ್ಲಿ, 'ಹೂಂ'. ಮಿಕ್ಕ ಚೌಕವೆಲ್ಲ ಹೆಂಡತಿಯ ಗುಳ್ಳೆ. ಖಾಲಿ.

"ಆಸ್ಪತ್ರೆಗೆ ಹೊರಡೋ ದಿನ ಬೆಳಿಗ್ಗೆ ಬರೆದದ್ದು. 'ತಗೋ, ಈಗ ಎಷ್ಟು ಬೇಕೋ ಅಷ್ಟು ಮಾತಾಡು' ಅಂದ್ರು. ಬಂದ ಮೇಲೆ ಓದ್ತೀನಿ ಅಂತಾನೂ ಅಂದ್ರು."

ಹುಡುಗಿ ಪುಟವನ್ನು ಕೈಗೆ ತೆಗೆದುಕೊಂಡಳು. "ಸಂದರ್ಶನದ ಜೊತೆ ಇದನ್ನೇ ಹಾಕೋಣ ಅಕ್ಕಾ. ಆದರೆ ಖಾಲಿ ಬಿಟ್ಟರೆ ಓದೋರು ಅಚ್ಚಿನ ತಪ್ಪು ಅಂದ್ಕೋತಾರೆ. ನೀವೇ ಏನಾದ್ರೂ ಬರೆದುಕೊಡಿ. ಇಲ್ಲದಿದ್ರೆ ಆಫೀಸಿನಲ್ಲಿ ಯಾರಾದ್ರೂ..."

"ಯಾರೂ ಬರೀಕೂಡದು!"

ಹೆಂಚು ಹಾರಿಸುತ್ತಿದ್ದ ದನಿ ಅದೇ ಇರಬೇಕು. ಅತ್ತೆ ಕೈಯಲ್ಲಿದ್ದ ಸೀರೆಯ ಸಮೇತ ಬಾಗಿಲಿಗೆ ಬಂದು ನಿಂತರು.

"ಬರೆಯೋಕೆ ಬರಲ್ಲ ಅಂದ್ಕೋಬೇಡಮ್ಮ," ಎಂದರು ಹುಡುಗಿಗೆ. "ದಿನಾ ಪೆನ್ಸಿಲಲ್ಲಿ ಬರೀತಾಳೆ, ದಿನಾ ಅಳಿಸ್ತಾಳೆ. ರಬ್ಬರಿನ ಪುಡಿ ಗುಡಿಸಿ ಗುಡಿಸಿ ನನ್ನ ಸೊಂಟ ಬಿದ್ದುಹೋಯ್ತು."

ಹುಡುಗಿ ಪುಟವನ್ನು ಕಿಟಕಿಯ ಕಡೆಗೆ ಎತ್ತಿ ಹಿಡಿದಳು. "ಹೀಗೇ ಹಾಕಿಸ್ತೀನಿ ಅಕ್ಕಾ," ಎಂದಳು ಮೆಲ್ಲಗೆ.

ದಪ್ಪ ಕಾಗದ ಆ ಗುಳ್ಳೆಯಷ್ಟು ಜಾಗದಲ್ಲಿ ಮಾತ್ರ ಸವೆದು ತೆಳುವಾಗಿ, ಬಿಸಿಲು ಅದರೊಳಗಿಂದ ಹಾಯ್ದು ಬರುತ್ತಿತ್ತು. ಮೂಲೆಯಲ್ಲಿ ಕೊಡೆರಾಯ ಹೂಂಗುಟ್ಟುತ್ತಲೇ ಇದ್ದ.