ಅಮಾವಾಸ್ಯೆಯ ಅಳಿಯ

“ಅಮಾಸಿ ಬಂತಂದ್ರ ಸಾಕರಿ, ಆ ಹುಡುಗ ರಾತ್ರಿಯೆಲ್ಲಾ ಹೊಲದಾಗ,” ಎಂದ ಚಹಾದ ಅಂಗಡಿಯ ಖಾಜಾಸಾಬ. ಮಡಿವಾಳಪ್ಪನ ಕೈಯಲ್ಲಿದ್ದ ಚಹಾ ಹಾಗೇ ಆರಿತು.

ಮಗಳಿಗೆ ನೋಡಿದ ವರನ ಬಗ್ಗೆ ಗುಟ್ಟಾಗಿ ವಿಚಾರಿಸಲು ಅವನು ಹೂವಿನ ಹಿಪ್ಪರಗಿಯಿಂದ ಗೊಳಸಂಗಿಗೆ ಬಂದಿದ್ದ. ಹುಡುಗ ಸಂಗಮೇಶ, ಹೊಲದಲ್ಲೇ ಮನೆ, ಜೊತೆಗೆ ತಾಯಿ. ಗೊಳಸಂಗಿ ಹತ್ತಿರದ ಮಸೂತಿ ಎಂಬ ಊರಿನ ಶಾಲೆಯಲ್ಲಿ ವಿಜ್ಞಾನದ ಶಿಕ್ಷಕಿಯಾಗಿದ್ದ ಮಗಳು ವಿಜಯಶ್ರೀ, ಹುಬ್ಬಳ್ಳಿಯ ಡಾಕ್ಟರನನ್ನೂ “ಅಲ್ಲಿ ದೀಪದ ಝಗಮಗ ನನಗ ಬ್ಯಾಡ” ಎಂದು ತಳ್ಳಿಹಾಕಿದವಳು, ಈ ಹೊಲದ ಮನೆಗೆ ಮಾತ್ರ ಹೂಂ ಅಂದಿದ್ದಳು. ಇದೂ ಮುರಿದರೆ ಮಡಿವಾಳಪ್ಪ ಬಂಧುಬಳಗದ ಮುಂದೆ ತಲೆಯೆತ್ತುವ ಹಾಗಿರಲಿಲ್ಲ.

“ಹೊಲದಾಗ ಏನ ಮಾಡ್ತಾನ?”

“ಮೂರ ಕಾಲಿಂದು ಏನೋ ನಿಂದರಸ್ತಾರಿ. ಕೆಂಪ ಬ್ಯಾಟರಿ ಹಚ್ಚತಾರ. ಕಂಬಳಿ ಹೊತ್ಕೊಂಡ ಒಬ್ಬರು ಬರ್ತಾರ ನೋಡ್ರಿ, ಅವರು ಹೇಳಿದಂಗ ಈ ಹುಡುಗ ಕುಣೀತಾನ. ತಾಯಿ ಚಹಾ ಮಾಡಿ ಕೊಡ್ತಾಳ.”

ನಿಧಿ! ತಾಯಿ ಮಗ ಕೂಡಿ ಮಂತ್ರವಾದಿಯನ್ನು ಕರೆಸಿ ನಿಧಿ ಅಗೆಯುತ್ತಿದ್ದಾರೆ! ಗುಟ್ಟಿನ ಮಾತು ಮರೆತು ಮಡಿವಾಳಪ್ಪ ನೆಟ್ಟಗೆ ಹೊಲಕ್ಕೆ ನಡೆದ.

“ನಾ ಹಿಪ್ಪರಗಿಯ ಮಡಿವಾಳಪ್ಪ, ಹುಡುಗಿ ಅಪ್ಪ. ಎಲ್ಲಿ ಅಗದೀರಿ ತೋರಸ್ರಿ!”

ಸಂಗಮೇಶ ಕಕ್ಕಾಬಿಕ್ಕಿಯಾದ. ವಿಷಯ ತಿಳಿದ ಮೇಲೆ ಒಳಗೆ ಕರೆದೊಯ್ದು ಸಣ್ಣದೊಂದು ದುರ್ಬೀನು, ಅದಕ್ಕೆ ಜೋಡಿಸಿದ ಕ್ಯಾಮೆರಾ, ಗೋಡೆಯ ಮೇಲಿನ ಫೋಟೋ ತೋರಿಸಿದ. ಫೋಟೋದಲ್ಲಿ ಕಪ್ಪು ಕಂಬಳಿಯ ಮೇಲೆ ಸಕ್ಕರೆ ಚೆಲ್ಲಿದ ಹಾಗಿತ್ತು.

“ಚುಕ್ಕಿ ಗೊಂಚಲರಿ, ಲಕ್ಷಗಟ್ಟಲೆ ಚುಕ್ಕಿ. ಈ ಮಂಜಿನಂಥಾದ್ದು ದೂರದ ಗೆಲಾಕ್ಸಿ. ನೂರಾರು ಫೋಟೋ ತಗದು ಒಂದರ ಮ್ಯಾಲ ಒಂದ ಕೂಡಿಸಬೇಕ್ರಿ. ಬೆಳದಿಂಗಳು ಇರಬಾರದು, ಅದಕ್ಕ ಅಮಾಸಿ. ಬಿಳಿ ಬೆಳಕಿಗೆ ಕಣ್ಣು ಮಂಕಾಗ್ತಾವ, ಅದಕ್ಕ ಕೆಂಪ ಬ್ಯಾಟರಿ.”

ಮಡಿವಾಳಪ್ಪನಿಗೆ ಹೋದ ಜೀವ ಬಂದಂತಾಯಿತು. ತುಸು ನಿರಾಸೆಯೂ ಆಯಿತು. ನಿಧಿಯಾಗಿದ್ದರೆ ಬೀಗತನಕ್ಕೆ ಇನ್ನಷ್ಟು ತೂಕ ಬರುತ್ತಿತ್ತು. ಆದರೂ ಹೆಣ್ಣಿನ ತಂದೆ ಬಿಗಿ ಬಿಡಬಾರದಲ್ಲ.

“ನೋಡಪಾ, ನನ್ನ ಮಗಳು ಕತ್ತಲಿ ಅಂದ್ರ ಅಂಜತಾಳ. ಅಮಾಸಿ ದಿನ ಹಾದ್ಯಾಗ ಅಂಜಿಕಿ ಅಂತ ಮನಿಗೂ ಬರಂಗಿಲ್ಲ, ಮಸೂತ್ಯಾಗ ಶಮಾ ಟೀಚರ್ ಮನ್ಯಾಗ ಉಳೀತಾಳ. ಲಗ್ನ ಆದಮ್ಯಾಲ ಇದೆಲ್ಲಾ ಬಂದ್. ಮೊದಲ ಆ ಕಂಬಳಿಯವನ ಸಂಗ ಬಿಡು.”

ಸಂಗಮೇಶನ ಮುಖ ಬಿಳಚಿತು. “ದುರ್ಬೀನ ಅವರದರಿ. ಬಂದ್ ಮಾಡ್ರಿ ಅನ್ನಾಕ ನನಗ ಧೈರ್ಯ ಇಲ್ರಿ.”

“ನಾ ಹೇಳ್ತೇನಿ. ಹಚ್ಚು ಫೋನು, ಈಗ ಅವನ ಸೊಕ್ಕು ಇಳಸ್ತೇನಿ!”

ಸಂಗಮೇಶ ಫೋನು ಹಚ್ಚಿ ಕೊಟ್ಟ. ಮಡಿವಾಳಪ್ಪ ಬಾಯಿ ತೆರೆಯುವುದರೊಳಗೆ ಆ ಕಡೆಯಿಂದ ದನಿ ಗದರಿತು:

“ಸಂಗಮೇಶ, ನಮ್ಮಪ್ಪ ಗುಟ್ಟಾಗಿ ನಿಮ್ಮೂರಿಗೆ ಹೊಂಟಾನಂತ, ಅವ್ವ ಹೇಳಿದ್ಲು. ಮೊದಲ ಆ ದುರ್ಬೀನ ಮಂಚದ ಕೆಳಗ ಸರಸು!”