ಹೊಸ ಮಷೀನಿಗೆ ಹಳೇ ಡಾಸ್

‘ನಿನ್ನ ಪ್ರೋಗ್ರಾಮು ಹೊಸ ಡಾಸ್ ಮ್ಯಾಲ ನಡಿಯಂಗಿಲ್ಲ, ಅನಸುಬಾಯಿ. ಹೊಸಬರ ಜೋಡಿ ಕುಂತು ಮೊದಲಿಂದ ಕಲಿ’ ಎಂದರು, ಶಹಾಬಾದಿನ ಕಂಪ್ಯೂಟರ್ ಕ್ಲಾಸಿನ ಮಾಸ್ತರು. ಹೊಸ ಮಷೀನಿನ ಪರದೆ ಮೇಲೆ, ಮಷೀನು ನಡೆಸುವ ಡಾಸ್ ತಂತ್ರಾಂಶದ ಆವೃತ್ತಿ ಸರಿಯಿಲ್ಲ ಎಂಬ ಇಂಗ್ಲಿಷ್ ಸಾಲು ನಿಂತಿತ್ತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

‘ಮಷೀನ್ ಹೊಸಾದು ಬಂದ್ರ ನಾ ಹ್ಯಾಂಗ ದಡ್ಡಿ ಆದ್ನಿ, ಸರ್?’ ಅನಸುಬಾಯಿ ಕುರ್ಚಿ ಬಿಡಲಿಲ್ಲ. ‘ಹಳೇ ಡಾಸ್ ನನ್ನ ಫ್ಲಾಪಿದಾಗೇ ಅದ. ಅದರಿಂದ್ಲೇ ಚಾಲೂ ಮಾಡ್ತೀನಿ.’

‘ಹಳೇದು ಇದಕ್ಕ ಹಾಕಬ್ಯಾಡ ಅಂತ ಹೇಳೀನಿಲ್ಲ? ಏಳು ಮೊದಲ!’

ಅವಳು ಫ್ಲಾಪಿ ತೂರಿಸಿ, ಮಷೀನು ಬಂದ್ ಮಾಡಿ ಮತ್ತೆ ಚಾಲೂ ಮಾಡಿದಳು. ಡ್ರೈವ್ ಗರಗರ ಎಂದಿತು. ಸ್ವಲ್ಪ ಹೊತ್ತಿಗೆ ಅವಳೇ ಬರೆದ ಪ್ರೋಗ್ರಾಮು ಪರದೆಯ ಮೇಲೆ ಓಡತೊಡಗಿತು. ಮಾಸ್ತರು ಸ್ವಿಚ್ಚಿಗೆ ಕೈ ಚಾಚಿದರು. ಅನಸುಬಾಯಿ ಸ್ವಿಚ್ಚಿನ ಮೇಲೆ ಅಂಗೈ ಊರಿ, ‘ಪೂರಾ ಆಗೋತನ ಕುಂದ್ರಿ, ಸರ್’ ಎಂದಳು.