ಕಾಣೆಯಾದವಳ ಪುಟ

ಮೊಬೈಲಿಗೆ ಹೊಂದುವಂತೆ ವೆಬ್‌ಸೈಟ್ ಮಾಡಿಕೊಡುವುದು ರೂಪಕಲಾಳ ಕೆಲಸ. ದಾವಣಗೆರೆಯ ಅವಳ ಪುಟ್ಟ ಆಫೀಸಿಗೆ ಆ ದಿನ ಬಂದವನು ಹೆಂಡತಿಯ ಫೋಟೋ ಮುಂದಿಟ್ಟು ಕಣ್ಣೊರೆಸಿಕೊಂಡ.

"ಮರೆವಿನ ಕಾಯಿಲೆ ಮೇಡಂ. ಮನೆಯಿಂದ ಹೋಗಿ ತಿಂಗಳಾಯ್ತು. ಎಂಥ ಸಣ್ಣ ಫೋನಲ್ಲೂ ತೆರೆಯೋ ಹಂಗೆ ಒಂದು ಪುಟ ಮಾಡ್ಕೊಡಿ. ತೆರೆದವರು ಎಲ್ಲಿದಾರೆ ಅಂತ ನನ್ನ ಫೋನಿಗೆ ಗೊತ್ತಾಗ್ಬೇಕು."

"ತೆರೆದವರೆಲ್ಲರದ್ದೂ ಯಾಕೆ?"

"ಅವಳನ್ನ ನೋಡಿದವರು ಹೇಳೋಕೆ ಹಿಂಜರಿದ್ರೆ?"

ರೂಪಕಲಾಳ ಮನಸ್ಸು ಕರಗಿತು. ಪುಟದ ಕೊನೆಯಲ್ಲಿ ತನ್ನ ನಂಬರನ್ನೂ ಹಾಕಿ, ಪರಿಚಯದ ವಾಟ್ಸಾಪ್ ಗುಂಪುಗಳಿಗೆಲ್ಲ ತಾನೇ ಕಳಿಸಿದಳು.

ನಾಲ್ಕನೆಯ ದಿನ ಮಧ್ಯಾಹ್ನ ಒಬ್ಬ ಹೆಂಗಸು ಫೋನ್ ಮಾಡಿದಳು.

"ಆ ಫೋಟೋ ತೆಗೆದುಬಿಡಿ ಮೇಡಂ, ಕೈ ಮುಗೀತೀನಿ."

"ಯಾಕಮ್ಮಾ? ಅವರನ್ನ ಎಲ್ಲಾದ್ರೂ ನೋಡಿದ್ರಾ?"

"ಅದು ನಾನೇ. ನಂಗೆ ಯಾವ ಮರೆವೂ ಇಲ್ಲ. ಅವನು ಸೀಮೆಎಣ್ಣೆ ಸುರಿದ ದಿನ ಓಡಿಬಂದೆ."

"ಪುಟಾನ ನಿಮ್ಮ ಫೋನಲ್ಲೇ ತೆರೆದ್ರಾ? ಲೊಕೇಶನ್ ಕೇಳಿದಾಗ ಒಪ್ಪಿಗೆ ಒತ್ತಿದ್ರಾ?"

"ಬೆಳಿಗ್ಗೆನೇ ಒತ್ತಿದೆ. ಒತ್ತೋ ತನಕ ಫೋಟೋ ಕಾಣ್ಲಿಲ್ಲ. ನಿಮಗೆ ಫೋನ್ ಮಾಡೋ ಧೈರ್ಯ ಬರೋಕೆ ಇಷ್ಟೊತ್ತಾಯ್ತು."

"ಅಲ್ಲಿಂದ ಹೊರಡಿ! ಈಗ್ಲೇ, ಉಟ್ಟ ಬಟ್ಟೇಲೇ ಹೊರಡಿ!"

ಅಷ್ಟರಲ್ಲೇ ಫೋನ್ ಕಟ್ಟಾಯಿತು. ಮತ್ತೆ ಮತ್ತೆ ಫೋನ್ ಮಾಡಿದರೂ ಯಾರೂ ಎತ್ತಲಿಲ್ಲ. ಪೊಲೀಸರ ನಂಬರ್ ಒತ್ತುತ್ತಿದ್ದಾಗಲೇ ಅವನ ಮೆಸೇಜು ಬಂತು:

"ಸಿಕ್ಕಿದಳು ಮೇಡಂ. ಪುಟ ಇನ್ನು ಬೇಡ, ಅಳಿಸಿಬಿಡಿ."